ಎರಡನೆಯ ಬಾಲ

ಚೆಂಬೂರಿನ ಗುರುಬಾಯಿಯ ಮನೆಗೆ ಒಂದು ಬಾಲ ಹೊಕ್ಕು ತಿಂಗಳಾಗಿತ್ತು. ಇಲಿಯದಲ್ಲ, ಹಲ್ಲಿಯದಲ್ಲ. ಸೊಸೆಯ ಸ್ಟ್ಯಾಟಿಸ್ಟಿಕ್ಸಿನ ಬಾಲ.

ಸೊಸೆ ಸ್ನೇಹಲ್ ವಾರವೆಲ್ಲ ಲೋಕಲ್ ಹಿಡಿದು ಫೋರ್ಟಿನ ಆಫೀಸಿಗೆ ಹೋಗುವವಳು, ರವಿವಾರ ಲ್ಯಾಪ್‌ಟಾಪಿನ ಮುಂದೆ ಕೂತು ಎಂಬಿಎ ಓದುವವಳು. ಬೇರೆ ವಿಷಯಗಳೆಲ್ಲ ಹೂ ಎತ್ತಿದ ಹಾಗೆ ಪಾಸಾಗಿದ್ದವು. ಸ್ಟ್ಯಾಟಿಸ್ಟಿಕ್ಸ್ ಮಾತ್ರ ಹೋದ ವರ್ಷ ಕೈಕೊಟ್ಟಿತ್ತು. "ಈ ಸಲಾನೂ ಫೇಲ್ ಆದ್ರೆ ಬಸ್, ಪುಸ್ತಕ ಎಲ್ಲಾ ರದ್ದಿಗೆ," ಎಂದು ಅವಳು ಘೋಷಿಸಿಬಿಟ್ಟಿದ್ದಳು. (ಕುರ್ಲಾದಲ್ಲಿ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಪೂರಾ ತಿಳಿಯುತ್ತದೆ, ಬಾಯಿಂದ ಮಾತ್ರ ಸ್ಲೋ ಲೋಕಲ್‌ನ ಹಾಗೆ ನಿಂತು ನಿಂತು ಬರುತ್ತದೆ.)

ಗುರುಬಾಯಿ ಕಲಿತದ್ದು ಎರಡನೇ ಇಯತ್ತೆ. ಆದರೆ ಅವಳ ಕಿವಿಗಳೆರಡೂ ಪದವೀಧರರು. ಸೊಸೆಯ ಕ್ಲಾಸು ನಡೆದಷ್ಟು ಹೊತ್ತೂ ಮೆಂತ್ಯದ ಪಲ್ಯ ಸೋಸುತ್ತ, ಎಲೆ ಬಿಡಿಸುತ್ತ ಹಿಂದೆಯೇ ಕೂತಿರುತ್ತಿದ್ದಳು. ಮೊದಲ ವಾರ ಮಾಸ್ತರರು "ಮೀನ್ ನಿಕಾಲೋ, ಮೀನ್ ನಿಕಾಲೋ" ಎಂದು ಒದರಿದಾಗ, ಮೊಟ್ಟೆ ಸಹ ಹೊಸ್ತಿಲು ದಾಟದ ಮನೆಯಲ್ಲಿ ಇದೇನು ಅನಾಹುತ ಎಂದು ಅವಳಿಗೆ ಎದೆ ಧಸಕ್ಕೆಂದಿತ್ತು. ಎದುರು ಬಾಗಿಲಿನ ಉಡುಪಿ ಕಡೆಯ ರಾಜೀವಿ ಅಲ್ಲಿಂದಲೇ, "ಎಂಥ ಮೀನು ಅಕ್ಕ? ಬಂಗುಡೆಯಾ?" ಎಂದು ಆಸೆಯಿಂದ ಕೇಳಿದ್ದಳು. ಮೀನ್ ಅಂದರೆ ಸರಾಸರಿ ಎಂದು ತಿಳಿದಾಗ ಒಬ್ಬಳಿಗೆ ಸಮಾಧಾನ, ಇನ್ನೊಬ್ಬಳಿಗೆ ನಿರಾಸೆ.

ಆಮೇಲೆ ಬಂತು ಬಾಲ. ಮಾಸ್ತರರು ಮಾತು ಮಾತಿಗೂ "ವನ್ ಟೇಲ್, ಟೂ ಟೇಲ್" ಅನ್ನುತ್ತಿದ್ದರು.

"ಟೇಲ್ ಅಂದ್ರ ಏನವಾ?"

"ಬಾಲ, ಅತ್ತೀ." ಸ್ನೇಹಲ್ ಕಾಗದದ ಮೇಲೆ ಗುಡಿಯ ಗಂಟೆಯಂಥ ಒಂದು ಗುಡ್ಡ ಬರೆದಳು. "ಈ ನಡುವೆ ಹೊಟ್ಟೆ ಇದೆಯಲ್ಲ, ನಸೀಬಿನಿಂದ ಆಗೋದೆಲ್ಲ ಇಲ್ಲಿ. ಬರೀ ನಸೀಬಿನಿಂದ ಆಗೋದು ಮುಶ್ಕಿಲ್ ಅಂಥದ್ದು ಈ ಕಡೆ ಬಾಲದಲ್ಲಿ, ಇಲ್ಲಾಂದ್ರೆ ಆ ಕಡೆ ಬಾಲದಲ್ಲಿ."

"ಎರಡೂ ಕಡೆ ಬಾಲ ಇದ್ರ ಮಾರಿ ಎಲ್ಲೈತಿ?"

ಸ್ನೇಹಲ್ ಆ ಗುಡ್ಡದಲ್ಲಿ ಮುಖ ಹುಡುಕುವವಳಂತೆ ದಿಟ್ಟಿಸಿದಳು. "ಮಾರಿ ಇಲ್ಲ ಅತ್ತೀ. ಅದಕ್ಕೇ ನನಗೆ ಹೆದರಿಕೆ."

ಪರೀಕ್ಷೆಗೆ ಮೊದಲು ಒಂದು ಪ್ರಾಜೆಕ್ಟ್ ಕೊಡಬೇಕಿತ್ತು. ಯಾರಾದರೂ ಎದೆ ತಟ್ಟಿ ಹೇಳುವ ಒಂದು ಮಾತನ್ನು ಹಿಡಿದು, ಅದು ನಿಜವೋ ಬರೀ ನಸೀಬೋ ಎಂದು ಪರೀಕ್ಷಿಸಿ ಬರೆಯುವುದು. ಮಂಗಳವಾರ ಕೊನೆಯ ದಿನ. ಶುಕ್ರವಾರದವರೆಗೂ ಸ್ನೇಹಲ್‌ಗೆ ಅಂಥ ಮಾತು ಸಿಕ್ಕಿರಲಿಲ್ಲ.

"ಎದಿ ತಟ್ಟೂ ಮಂದೀನ ಹುಡುಕ್ಯಾಡಾಕ ಹೊರಗ ಯಾಕ ಹೋಗ್ತಿ?" ಎಂದ ಅವಳ ಗಂಡ ಶ್ರೀಶೈಲ, ತಾಯಿಯ ಕಡೆ ಓರೆಗಣ್ಣು ಹಾಕಿ.

ಗುರುಬಾಯಿಯ ಎದೆ ತಟ್ಟುವ ಮಾತು ಇಡೀ ಬಿಲ್ಡಿಂಗಿಗೆ ಗೊತ್ತಿತ್ತು. ರೊಟ್ಟಿಯ ಒಂದು ಚೂರು ನಾಲಿಗೆ ಮೇಲೆ ಇಟ್ಟರೆ ಸಾಕು, ಜೋಳ ವಿಜಯಪುರದ ತಮ್ಮ ಹೊಲದ್ದೋ ಮುಂಬೈ ಅಂಗಡಿಯದ್ದೋ ಅವಳು ಹೇಳಿಬಿಡುತ್ತಾಳೆ! ಮೂವತ್ತೆಂಟು ವರ್ಷದಿಂದ ಕಂಡವರ ಮದುವೆ ಮುಂಜಿಯ ಊಟದ ಪಂಕ್ತಿಯಲ್ಲಿ ಕೂತು "ಅಂಗಡಿ ಜ್ವಾಳ" ಎಂದು ತೀರ್ಪು ಕೊಟ್ಟು, ಬಡಿಸುವವರ ಮುಖ ಇಳಿಸಿದ ನಾಲಿಗೆ ಅದು. ಆ ನಾಲಿಗೆಯ ಸಲುವಾಗಿಯೇ ವರ್ಷಕ್ಕೆ ಮೂರು ಸಲ ಊರಿನಿಂದ ರೈಲಿನಲ್ಲಿ ಜೋಳದ ಚೀಲ ಬರುತ್ತಿತ್ತು. ಸ್ಟೇಶನ್ನಿನಿಂದ ಅದನ್ನು ಹೊತ್ತು, ಲಿಫ್ಟ್ ಇಲ್ಲದ ಬಿಲ್ಡಿಂಗಿನ ಮೂರು ಮಾಳಿಗೆ ಹತ್ತುವ ಸೊಂಟ ಮಾತ್ರ ಶ್ರೀಶೈಲನದು.

"ಯವ್ವಾ, ನೀ ಹೇಳಿದ್ದು ಖರೆ ಆತಂದ್ರ ನಾ ಇರೂತನಕ ಚೀಲ ಹೊರ್ತೀನಿ. ಇಲ್ಲಾಂದ್ರ ನಾಳಿಂದ ಕೆಳಗಿನ ಅಂಗಡಿ ಹಿಟ್ಟು. ಕಬೂಲ?"

"ಕಬೂಲ್ ಏನಲೇ, ಬರದ ಕೊಡ್ತೀನಿ!" ಎಂದಳು ಗುರುಬಾಯಿ. (ಹೆಬ್ಬೆಟ್ಟು ಒತ್ತುವವರಿಗೆ ಬರೆದುಕೊಡುವ ಧೈರ್ಯ ಯಾವಾಗಲೂ ಜಾಸ್ತಿ.)

ಧೈರ್ಯ ಶನಿವಾರ ಬೆಳಗಿನವರೆಗೆ ಉಳಿಯಿತು. ಆಮೇಲೆ ಗುರುಬಾಯಿ ಲೆಕ್ಕ ಹಾಕತೊಡಗಿದಳು. ಮೂವತ್ತೆಂಟು ವರ್ಷದಲ್ಲಿ ಅವಳ ತೀರ್ಪನ್ನು ಮರುವಿಚಾರಣೆ ಮಾಡಿದವರೇ ಇರಲಿಲ್ಲ. ತಪ್ಪಿದ್ದರೂ ತಪ್ಪು ಎನ್ನುವವರು ಯಾರು? ಅಕಸ್ಮಾತ್ ನಾಲಿಗೆ ಸುಳ್ಳಾದರೆ ರಾಜೀವಿಗೆ ಹೇಗೆ ಮುಖ ತೋರಿಸುವುದು?

ರೊಟ್ಟಿ ಬಡಿಯಲು ಬರುವವಳು ಹನುಮವ್ವ. ಗುರುಬಾಯಿಗೆ ಮಣಿಕಟ್ಟು ನೋವು ಬಂದಾಗಿನಿಂದ ದಿನಾ ಕುರ್ಲಾದಿಂದ ಬರುತ್ತಾಳೆ. ಅವಳೂ ವಿಜಯಪುರದ ಕಡೆಯವಳೇ. ಗುರುಬಾಯಿ ಅವಳನ್ನು ಪಾತ್ರೆ ತೊಳೆಯುವ ಮೋರಿಯ ಹತ್ತಿರ ಕರೆದು ಪಿಸುಗುಟ್ಟಿದಳು. "ನಮ್ಮೂರ ಜ್ವಾಳದ ರೊಟ್ಟಿಗೆ ಅಂಚಿನ್ಯಾಗ ಕಿರಿಬೆರಳಿಲೆ ಒಂದು ಗುಳಿ ಒತ್ತು. ಅಂಗಡೀದಕ್ಕ ಒತ್ತಬ್ಯಾಡ."

"ಯಾವ ಹಿಟ್ಟು ಯಾವುದಂತ ಸಣ್ಣ ಅವ್ವಾರು ನನಗ ಹೇಳೂದಿಲ್ಲಂತಲ್ರಿ?"

"ಹೇಳಬೇಕ? ಕೈಗೆ ಗೊತ್ತಾಗೂದಿಲ್ಲ?"

"ಗೊತ್ತಾಗದ ಏನ್ರಿ ಅವ್ವಾರ! ಹಿಟ್ಟು ಮುಟ್ಟಿದರ ಸಾಕು," ಎಂದಳು ಹನುಮವ್ವ, ಎದೆ ತಟ್ಟಿ.

ರವಿವಾರ ಬೆಳಿಗ್ಗೆ ಅಡಿಗೆಮನೆ ಪ್ರಯೋಗಶಾಲೆಯಾಯಿತು. ಎರಡು ಸ್ಟೀಲ್ ಡಬ್ಬಿ. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಸಿರು ದಾರ. ಯಾವುದರಲ್ಲಿ ಯಾವ ಹಿಟ್ಟು ಎಂದು ಸ್ನೇಹಲ್ ಒಬ್ಬಳಿಗೇ ಗೊತ್ತು. ಒಂದೊಂದು ರೊಟ್ಟಿಗೂ ಅವಳು ನಾಣ್ಯ ಚಿಮ್ಮಿ, ಹೆಡ್ ಬಿದ್ದರೆ ಹಸಿರು, ಟೇಲ್ ಬಿದ್ದರೆ ಕೆಂಪು ಎಂದು ಹಿಟ್ಟು ತೆಗೆದು ಕೊಡುವಳು. ("ಇಲ್ಲೂ ಬಾಲ ಬಿಡಲಿಲ್ಲ ನೋಡು!" ಎಂದಳು ಗುರುಬಾಯಿ.) ಒಟ್ಟು ಹನ್ನೆರಡು ರೊಟ್ಟಿ. ಶ್ರೀಶೈಲ ತಟ್ಟೆ ಹೊತ್ತು ತರುವ ಜವಾನ. ರಾಜೀವಿ ಕರೆಯದೆ ಬಂದ ಸಾಕ್ಷಿ.

ಮೊದಲ ರೊಟ್ಟಿ ಬಂತು. ಗುರುಬಾಯಿ ಅಂಚು ಸವರಿದಳು, ಗುಳಿ ಇಲ್ಲ. ಚೂರು ಬಾಯಿಗೆ ಹಾಕಿದಳು. ಎಲ್ಲೋ ಒಣ ಬೇವಿನೆಲೆಯ ಘಮ ಸುಳಿಯಿತು. ಹುಳ ಹಿಡಿಯದಿರಲೆಂದು ಊರಿನ ಚೀಲಕ್ಕೆ ಬೇವು ಹಾಕುವುದುಂಟು. ನಾಲಿಗೆ, "ಇದು ನಮ್ದ" ಅಂದಿತು. ಬೆರಳು, "ಗುಳಿ ಇಲ್ಲ, ಸುಮ್ಮನಿರು" ಅಂದಿತು.

"ಅಂಗಡೀದು," ಎಂದಳು ಗುರುಬಾಯಿ.

ಎರಡನೆಯದಕ್ಕೆ ಗುಳಿ ಇತ್ತು. "ನಮ್ಮೂರಿಂದು." ಹೀಗೆ ಹನ್ನೆರಡೂ ಮುಗಿದವು. ನಾಲಿಗೆ ಐದಾರು ಸಲ ಬಾಯಿ ಹಾಕಲು ಬಂದರೂ ಗುರುಬಾಯಿ ಅದಕ್ಕೆ ಆಸ್ಪದವನ್ನೇ ಕೊಡಲಿಲ್ಲ. ಕೊನೆಗೆ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಗೆದ್ದ ಪೈಲ್ವಾನನ ಹಾಗೆ ಕೂತಳು.

ಸ್ನೇಹಲ್ ಪಟ್ಟಿ ನೋಡಿದಳು. ಮತ್ತೊಮ್ಮೆ ನೋಡಿದಳು. ಅವಳ ಮುಖ ಬಿಳಿಚಿತು.

"ಅತ್ತೀ... ಹನ್ನೆರಡಕ್ಕೆ ಹನ್ನೆರಡು..."

"ಸರಿ?" ಗುರುಬಾಯಿ ಮೀಸೆ ಇದ್ದಿದ್ದರೆ ತಿರುವುತ್ತಿದ್ದಳು.

"ತಪ್ಪು."

ಶ್ರೀಶೈಲ ತಟ್ಟೆಯನ್ನೇ ಹಲಗೆ ಮಾಡಿ ಬಾರಿಸಿದ. ರಾಜೀವಿ, "ಅಯ್ಯೋ ದೇವರೇ, ಒಂದಾದರೂ ಸರಿ ಬರಬಾರದಿತ್ತಾ ಅಕ್ಕ!" ಎಂದು ಲೊಚಗುಟ್ಟಿದಳು. ಆದರೆ ಸ್ನೇಹಲ್ ನಗಲಿಲ್ಲ. ಪಟ್ಟಿಯ ಮೇಲೆ ತಲೆ ಇಟ್ಟು ಅಳುತ್ತಿದ್ದಳು.

"ಯಾಕವಾ, ಸೋತಾಕಿ ನಾನು, ನೀ ಯಾಕ ಅಳ್ತಿ?"

"ಅತ್ತೀ, ಏನೂ ಗೊತ್ತಿಲ್ಲದೆ ಸುಮ್ಮನೆ ಹೇಳಿದ್ರೂ ಆರೇಳು ಸರಿ ಬರಬೇಕು! ಹನ್ನೆರಡೂ ಸರಿ ಬರೋದು ಎಷ್ಟು ಮುಶ್ಕಿಲೋ, ಹನ್ನೆರಡೂ ತಪ್ಪು ಬರೋದೂ ಅಷ್ಟೇ ಮುಶ್ಕಿಲ್. ನಾಲ್ಕು ಸಾವಿರ ಸಲ ಮಾಡಿದ್ರೆ ಒಮ್ಮೆ. ಇದು ಎರಡನೇ ಬಾಲ! ಮತ್ಲಬ್, ನಾನೇ ಡಬ್ಬಿ ಉಲ್ಟಾ ಬರೆದಿದೀನಿ. ನನಗೆ ಒಂದು ರೊಟ್ಟಿ ಪ್ರಾಜೆಕ್ಟೂ ಬರೋದಿಲ್ಲ. ರದ್ದಿಗೇ ಹಾಕ್ತೀನಿ ಎಲ್ಲಾ."

ಗುರುಬಾಯಿಗೆ ಆಗ ಹೊಳೆಯಿತು. ಆ ಮಾರಿ ಇಲ್ಲದ ಪ್ರಾಣಿ ಒಂದು ಬಾಲ ಅಲ್ಲಾಡಿಸುತ್ತ ನಿಂತು, ಇನ್ನೊಂದರಿಂದ ಕಳ್ಳರನ್ನು ಹಿಡಿಯುತ್ತದೆ. ಮೂರ್ನಾಲ್ಕು ಸಲ ಬೇಕಂತಲೇ ಗುಳಿಗೆ ವಿರುದ್ಧ ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಮ್ಮನಿದ್ದರೆ ಮಾನ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಸೊಸೆ ಮೂಗು ಒರೆಸಿಕೊಳ್ಳುತ್ತ ಪುಸ್ತಕಗಳನ್ನು ರದ್ದಿಗೆಂದು ನಿಜವಾಗಿಯೂ ಕಟ್ಟತೊಡಗಿದ್ದಳು.

"ನಿನ್ನ ತಪ್ಪಲ್ಲ ಬಿಡವಾ," ಎಂದಳು ಗುರುಬಾಯಿ ನೆಲ ನೋಡುತ್ತ. "ಗುಳಿ ಐತಿ, ನೋಡು."

ವಿಷಯ ಹೊರಬಿತ್ತು. ಹನುಮವ್ವನಿಗೆ ಸಮನ್ಸ್ ಹೋಯಿತು.

"ನನ್ನದೇನ್ರಿ ತಪ್ಪು?" ಹನುಮವ್ವ ಕೈ ಒರೆಸುತ್ತ ಬಂದಳು. "ಕೆಂಪು ದಾರದ ಹಿಟ್ಟು ಏನ್ ಜಿಗಿ ಇತ್ರಿ, ಬಡಿದ್ರ ಎಲ್ಲೂ ಸೀಳಲಿಲ್ಲ! ಇಷ್ಟು ಚಲೋ ಐತಂದ್ರ ನಮ್ಮೂರಿಂದ ಇರಬೇಕಂತ ಅದಕ್ಕ ಗುಳಿ ಒತ್ತಿದೆ. ಇನ್ನೊಂದು ಹಳೇದಾಗಿ ಬರೀ ಬೂದಿ ಆಗೇತ್ರಿ."

ಕೆಂಪು ದಾರದ್ದು ಕೆಳಗಿನ ಅಂಗಡಿಯದು.

ಶ್ರೀಶೈಲ ಸೊಂಟ ಹಿಡಿದುಕೊಂಡು ನಕ್ಕ. ವರ್ಷಕ್ಕೆ ಮೂರು ಚೀಲದಂತೆ ಹೊತ್ತ ಅಷ್ಟೂ ವರ್ಷಗಳ ನಗೆ.

"ತಡೀರಿ!" ಗುರುಬಾಯಿ ಕೊನೆಯ ಅಸ್ತ್ರ ತೆಗೆದಳು. "ನನ್ನ ನಾಲಿಗೆ ಖರೆ ಹೇಳಾಕತ್ತಿತ್ತು. ಬೇವಿನ ವಾಸನಿ ಬಂತು. ನಾನ ಗುಳಿ ನಂಬಿ ಕೆಟ್ಟೆ."

ಸ್ನೇಹಲ್ ಕಣ್ಣೊರೆಸಿಕೊಂಡಳು. ಅಳು ಹೋಗಿ ಆ ಕಣ್ಣಲ್ಲಿ ಬೇರೆಯೇ ಬೆಳಕು ಬಂದಿತ್ತು. "ಪಕ್ಕಾ? ಹಾಗಾದ್ರೆ ಮಧ್ಯಾಹ್ನ ಮತ್ತೆ. ಕಣ್ಣು ಕಟ್ಟಿ. ಚೂರು ಮಾಡಿ."

ಮಧ್ಯಾಹ್ನ ಸ್ನೇಹಲ್ ತನ್ನ ದುಪಟ್ಟಾ ತಂದು ಅತ್ತೆಯ ಕಣ್ಣು, ಮೂಗಿನ ತುದಿ ಸೇರಿಸಿ ಬಿಗಿದಳು. ಮೊದಲ ಚೂರಿಗೆ ಬೇವಿನ ಘಮ ಬಂತು. ಎರಡನೆಯದಕ್ಕೂ ಬಂತು. ಹನ್ನೆರಡಕ್ಕೂ ಬಂತು! (ಸೊಸೆಯ ದುಪಟ್ಟಾಗಳಿಗೆ ನುಸಿ ಹಿಡಿಯಬಾರದೆಂದು ಕಪಾಟಿನಲ್ಲಿ ಬೇವಿನೆಲೆ ತುರುಕಿದವಳು ಗುರುಬಾಯಿಯೇ.) ಬಾಯಿಗೆ ಬಂದದ್ದು ಹೇಳಿದಳು. ಏಳು ಸರಿ, ಐದು ತಪ್ಪು.

"ಅಂದ್ರ?"

"ಹೊಟ್ಟೆಯ ನಡುವೆ, ಅತ್ತೀ. ನಾಣ್ಯಕ್ಕೂ ಇಷ್ಟು ಬರ್ತದೆ."

"ಅಂದ್ರ ನನಗ ಗೊತ್ತಾಗೂದಿಲ್ಲ ಅಂತ ಸಿದ್ಧ ಆತು?"

"ಇಲ್ಲ ಇಲ್ಲ. ಗೊತ್ತಾಗ್ತದೆ ಅಂತ ಸಿದ್ಧ ಆಗಲಿಲ್ಲ, ಅಷ್ಟೇ. ಗೊತ್ತಾಗೋದಿಲ್ಲ ಅಂತಾನೂ ಸಿದ್ಧ ಆಗಲಿಲ್ಲ."

ಈ ವಾಕ್ಯವನ್ನು ಗುರುಬಾಯಿ ಮೂರು ಸಲ ಹೇಳಿಸಿ ಬಾಯಿಪಾಠ ಮಾಡಿದಳು. ಎರಡನೆಯ ಅರ್ಧ ಅವಳಿಗೆ ಬಹಳ ಹಿಡಿಸಿತು. "ನನಗ ಗೊತ್ತಾಗೂದಿಲ್ಲಂತ ಕಾಲೇಜಿನವರ ಕೈಲೂ ಸಿದ್ಧ ಮಾಡಾಕ ಆಗಲಿಲ್ಲ ನೋಡ," ಎಂದು ರಾಜೀವಿಗೆ ಅವತ್ತೇ ಹೇಳಿ ಬಂದಳು.

ಸ್ನೇಹಲ್ ಗುಳಿಯ ಕಥೆಯನ್ನೂ ಸೇರಿಸಿ ಬರೆದಳು. ಮಾಸ್ತರರು ಖುಷಿಯಾಗಿ ಇಡೀ ಕ್ಲಾಸಿಗೆ ಓದಿಸಿದರಂತೆ. ಪರೀಕ್ಷೆಯಲ್ಲಿ ಎರಡು ಬಾಲದ್ದೇ ಪ್ರಶ್ನೆ ಬಂತು, ಪಾಸಾದಳು. ಚೀಲ ಬರುವುದು ನಿಂತಿತು. ಉಳಿದ ಅರ್ಧ ಚೀಲವನ್ನು ಶ್ರೀಶೈಲ ಎಲ್ಲೋ ಸಾಗಿಸಿದ.

ಹೋದ ವಾರ ಘಾಟ್ಕೋಪರಿನ ಬಸಲಿಂಗವ್ವನ ಮನೆಯಲ್ಲಿ ಮೊಮ್ಮಗಳ ತೊಟ್ಟಿಲು ಕಾರ್ಯ. ರೊಟ್ಟಿ ಬಡಿಸಿ ಬಸಲಿಂಗವ್ವ ಕೈಕಟ್ಟಿ ನಿಂತಳು. "ಹೇಳ ಅಕ್ಕಾ, ಯಾವ ಜ್ವಾಳ?" ಪಂಕ್ತಿಯಲ್ಲಿ ಎಲ್ಲರ ಕೈ ನಿಂತಿತು. ಗುರುಬಾಯಿ ಚೂರು ಬಾಯಿಗಿಟ್ಟು, ಕಣ್ಣು ಮುಚ್ಚಿ, ಸೆರಗಿನ ಮರೆಯಲ್ಲಿ ಒಂದು ರೂಪಾಯಿ ಮಗುಚಿ ನೋಡಿದಳು. ಬಾಲ ಬಿದ್ದಿತ್ತು.

"ಅಂಗಡಿ ಜ್ವಾಳ," ಎಂದಳು ಗಂಭೀರವಾಗಿ.

ಬಸಲಿಂಗವ್ವ ಬಾಯಿಗೆ ಸೆರಗು ಹಿಡಿದಳು. "ಅಕ್ಕಾ, ಇದು ನಿಮ್ಮ ಹೊಲದ್ದ! ನಿಮ್ಮ ಶ್ರೀಶೈಲ ತಾನ ಹೊತ್ತು ತಂದು ಕೊಟ್ಟ ಹೋಗ್ಯಾನ."

ಗುರುಬಾಯಿ ನಿಧಾನವಾಗಿ ಇನ್ನೊಂದು ಚೂರು ಮುರಿದಳು.

"ಒಂದ ರೊಟ್ಟಿ ಮ್ಯಾಲೆ ತೀರ್ಪು ಹೇಳಬಾರದವಾ," ಎಂದಳು. "ಇನ್ನ ಹನ್ನೊಂದು ತಾ."