ಸಿಂಹದ ಊರಿಗೆ ಹೊರಟ ಲಿಂಗಸುಗೂರಿನ ಸಂಸಾರ

ಕೆಲವರ ಮನೆಯಲ್ಲಿ ಎಂಥ ದೊಡ್ಡ ಕೆಲಸವೂ ಸದ್ದಿಲ್ಲದೆ ಆಗಿಹೋಗುತ್ತದೆ. ನಮ್ಮ ಮನೆಯಲ್ಲಿ ಹಾಲು ಉಕ್ಕಿದರೂ ಓಣಿಯವರು ಬಂದು ವಿಚಾರಿಸುತ್ತಾರೆ. ಅಂಥದ್ದರಲ್ಲಿ ನಾವು ಹೆಂಡಿರು ಮಕ್ಕಳ ಸಮೇತ ಆಫ್ರಿಕಾಕ್ಕೆ ಹೊರಟರೆ ಸುಮ್ಮನಿರುತ್ತಾರೆಯೇ?

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಲಿಂಗಸುಗೂರಿನ ದನದ ದವಾಖಾನೆಯಲ್ಲಿ ಡಾಕ್ಟರು. ಊರಿಗೆ ಸರ್ಕಸ್ ಬಂದಿತ್ತು. ಬೋನಿನಲ್ಲಿ ಅತ್ತ ಮುಖ ಮಾಡಿ ಕೂತಿದ್ದ ಸಿಂಹವನ್ನು ನೋಡಿ ನಾಲ್ಕನೇ ಕ್ಲಾಸಿನ ಮಗಳು, "ಅಪ್ಪಾ, ಇದರ ಊರು ಯಾವುದು?" ಅಂತ ಕೇಳಿದಳು. "ಆಫ್ರಿಕಾ" ಅಂದೆ. "ಅದರ ಊರಾಗ ಅದು ಹೆಂಗಿರ್ತದ ನೋಡಬೇಕು" ಅಂದಳು. ಹಟ ಹಿಡಿಯಲಿಲ್ಲ, ಅಳಲಿಲ್ಲ. ದಿನಾ ಮಲಗುವ ಮುಂಚೆ ಒಮ್ಮೆ ಕೇಳುತ್ತಿದ್ದಳು, ಅಷ್ಟೇ. ಅಳುವ ಮಕ್ಕಳನ್ನು ಬಿಸ್ಕತ್ತು ಕೊಟ್ಟು ಸುಮ್ಮನಾಗಿಸಬಹುದು, ಮೆಲ್ಲಗೆ ಕೇಳುವ ಮಕ್ಕಳಿಗೆ ಏನು ಕೊಡುವುದು?

ನನ್ನ ಹೆಂಡತಿಯ ತಮ್ಮ ಕೀನ್ಯಾ ದೇಶದ ನೈರೋಬಿಯಲ್ಲಿ ಗಿರಣಿಯೊಂದರ ಮೆಕ್ಯಾನಿಕ್. ಅವನು ಒಂದು ದಿನ ಫೋನಿನಲ್ಲಿ, "ಬ್ಯಾಸಗಿ ಸೂಟಿಗೆ ಎಲ್ಲಾರೂ ಬರ್ರಿ ಮಾವ, ಟಿಕೆಟ್ ನಾ ಕಳಸ್ತೀನಿ" ಅಂದ. ಹೂಂ ಅಂದುಬಿಟ್ಟೆ. "ಮೊಮ್ಮಕ್ಕಳು ಅಡವಿಗಿ ಹೋದ್ರ ನಾ ಮನ್ಯಾಗ ಕುಂತು ಏನು ಮಾಡ್ಲಿ?" ಅಂತ ನನ್ನ ತಾಯಿಯೂ ಸೀರೆ ಮಡಚಿಡತೊಡಗಿದಳು. ಮಗಳಿಗೆ ಮಾತು ಕೊಟ್ಟಾಗಿತ್ತು. ಇನ್ನು ಅದು ತಪ್ಪಬಾರದು ಎಂಬುದೊಂದೇ ನನ್ನ ಚಿಂತೆ.

ಮನೆಗೆ ಪೊಲೀಸ್ ಬಂದದ್ದು

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ಮೇಲೆ ವಿಚಾರಣೆಗೆ ಒಬ್ಬ ಕಾನ್‌ಸ್ಟೇಬಲ್ ಬಂದ. ಖಾಕಿ ಕಂಡದ್ದೇ ತಡ, ಓಣಿ ಓಣಿಯೇ ನಮ್ಮ ಕಟ್ಟೆಯ ಮುಂದೆ ಸೇರಿತು. ಆತ ಎದುರುಮನೆಯ ಮುದುಕಿಯನ್ನು ಕರೆದು, "ಯವ್ವಾ, ಈ ಡಾಕ್ಟರು ಹೆಂಥಾ ಮನಷ್ಯಾ?" ಅಂತ ಕೇಳಿದ.

"ದೇವರಂಥ ಮನಷ್ಯಾ ರೀ. ಅವರು ಮಾಡಿಲ್ಲ."

"ಏನು ಮಾಡಿಲ್ಲ?"

"ಅವರು ಏನು ಮಾಡ್ಯಾರಂತ ನೀವು ಬಂದೀರೋ, ಅದು."

ಯಾರೂ ಏನೂ ಮಾಡಿಲ್ಲ, ಇದು ವಿಮಾನ ಹತ್ತುವವರನ್ನೆಲ್ಲ ಕೇಳುವ ಮಾಮೂಲಿ ಪ್ರಶ್ನೆ ಅಂತ ಕಾನ್‌ಸ್ಟೇಬಲ್ ಸಮಾಧಾನದಿಂದ ಹೇಳಿದ. ಮುದುಕಿ ನಂಬಬೇಕಲ್ಲ! ನನ್ನನ್ನು ಉಳಿಸಲೇಬೇಕೆಂದು ಆಕೆ ತೀರ್ಮಾನಿಸಿಬಿಟ್ಟಿದ್ದಳು. ದನಿ ಇಳಿಸಿ, "ಏನರ ಆಗಿದ್ರ ಆ ಕಂಪೌಂಡರ್ ಮಾಡಿರ್ತಾನ ನೋಡ್ರಿ. ಅವನ್ನ ಕರಕೊಂಡು ಹೋಗ್ರಿ" ಅಂದಳು.

ನಮ್ಮ ಕಂಪೌಂಡರ್ ಆಗ ಚಹಾದ ತಟ್ಟೆ ಹಿಡಿದು ಆಕೆಯ ಬೆನ್ನ ಹಿಂದೆಯೇ ನಿಂತಿದ್ದ. ತಟ್ಟೆಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು, ಕಾನ್‌ಸ್ಟೇಬಲ್ಲಿಗಿಂತ ಮೊದಲು ಸೈಕಲ್ ಹತ್ತಿ ಹೋದ.

ಕಾಯುವವರಿಲ್ಲದ ದನ

ಮಸ್ಕಿ ಕಡೆ ಕುರಿಗಳಿಗೆ ಲಸಿಕೆ ಹಾಕುವ ಕೆಲಸವಿತ್ತು. ಕುರಿಕಾಯುವ ಹಿರಿಯನೊಬ್ಬನ ಎದುರು, ಬಾಯಿ ಸುಮ್ಮನಿರದೆ, ಆಫ್ರಿಕಾದ ಬಯಲಿನಲ್ಲಿ ಮೇಯುವ ಲಕ್ಷಗಟ್ಟಲೆ ಕಾಡುದನಗಳ ಸುದ್ದಿ ತೆಗೆದೆ.

"ಯಾರವು ರೀ ಅವು?" ಅಂದ.

"ಯಾರವೂ ಅಲ್ಲ."

"ಕಾಯೋರು?"

"ಇಲ್ಲ."

"ರಾತ್ರಿ ಹಟ್ಟಿಗಿ ಯಾರು ಹೊಡಕೊಂಡು ಬರ್ತಾರ?"

"ಹಟ್ಟಿನೂ ಇಲ್ಲೋ ಮಾರಾಯಾ. ಬಯಲಾಗ ಇರ್ತಾವ."

"ಹಂಗಿದ್ರ ಸಿಂಹ ಬಂದು ತಿಂತಾವಲ್ರೀ!"

"ಹೌದು. ಅದನ್ನ ನೋಡಾಕ ದೇಶದೇಶದಿಂದ ಮಂದಿ ಬರ್ತಾರ. ನಾವೂ ಹೊಂಟೀವಿ."

ಆತ ಕಂಬಳಿ ಸರಿಮಾಡಿಕೊಂಡ. "ನನ್ನ ಕುರಿ ತ್ವಾಳ ಹಿಡದಾಗ ನೋಡಾಕ ಒಬ್ಬ ಮಗಾನೂ ಬರಲಿಲ್ಲಲ್ರೀ ಸಾಹೇಬ್ರ" ಅಂದ.

ಎಮ್ಮೆಯ ತಿಳುವಳಿಕೆ

ಬರೀ ನೋಡಲಿಕ್ಕೆ ಯಾರಾದರೂ ಅಷ್ಟು ದೂರ ಹೋಗುತ್ತಾರೆಂದು ಕುರಿಕಾಯುವ ಆ ಹಿರಿಯನಿಗೆ ನಂಬಿಕೆ ಬರಲಿಲ್ಲ. ಡಾಕ್ಟರು ಅಂದ ಮೇಲೆ ಏನೋ ಜರೂರು ಕೆಲಸವಿರಬೇಕು. ವಾರದೊಳಗೆ ಮಸ್ಕಿ ಸಂತೆಯಲ್ಲಿ ಸುದ್ದಿ ಹಬ್ಬಿತು: ಆಫ್ರಿಕಾದಲ್ಲಿ ಸಿಂಹಕ್ಕೆ ಜಡ್ಡು, ಲಿಂಗಸುಗೂರಿನ ಡಾಕ್ಟರಿಗೆ ಕರೆ ಬಂದಿದೆ.

ಪರಿಣಾಮವೆಂದರೆ, ಹತ್ತಿರದ ಸಿಂಧನೂರಿನಲ್ಲೇ ದನದ ದವಾಖಾನೆ ಇದ್ದರೂ ವಳಕಮದಿನ್ನಿಯ ರೈತನೊಬ್ಬ ತನ್ನ ಎಮ್ಮೆಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನನ್ನಲ್ಲಿಗೇ ಬಂದ. ನಾನು ಸೂಜಿ ಹಿಡಿದು ಹತ್ತಿರ ಹೋಗಿದ್ದೊಂದೇ, ಎಮ್ಮೆ ಒದ್ದ ಹೊಡೆತಕ್ಕೆ ಸೆಗಣಿಯಲ್ಲಿ ಕೂತೆ. ರೈತ ನನ್ನನ್ನು ಎಬ್ಬಿಸುವುದು ಬಿಟ್ಟು ಎಮ್ಮೆಯನ್ನು ಬಯ್ಯತೊಡಗಿದ: "ಏ ಬುದ್ಧಿಗೇಡಿ, ಇವರ ಮುಂದ ಸಿಂಹ ಸುಮ್ನ ನಿಂದ್ರತದಂತ. ನಿಂದೇನು ದೊಡ್ಡ ತಕರಾರು?"

ಸಾಹೇಬರ ರಜೆ

ಇಷ್ಟೆಲ್ಲ ಆಗುವಾಗ ನನ್ನ ರಜೆಯೇ ಮಂಜೂರಾಗಿರಲಿಲ್ಲ. ಬೇಸಿಗೆಯಲ್ಲಿ ಲಸಿಕೆ ಕೆಲಸವಿದೆ, ಸಿಂಹ ಆಮೇಲೂ ಇರುತ್ತದೆ ಅಂತ ಮೇಲಿನ ಸಾಹೇಬರು ಖಡಾಖಂಡಿತ ಹೇಳಿದ್ದರು. ಮನೆಗೆ ಬಂದು ತಿಳಿಸಿದೆ. ಆ ದಿನ ಮಗಳು ಮಲಗುವ ಮುಂಚೆ ಏನೂ ಕೇಳಲಿಲ್ಲ. ನನಗೆ ನಿಜವಾಗಿ ಸಂಕಟವಾಯಿತು. ನೌಕರಿಯನ್ನು ಮನಸ್ಸಿನಲ್ಲೇ ಎರಡು ಸಲ ಬಿಟ್ಟೆ.

ಅಷ್ಟರಲ್ಲಿ ಆಫೀಸಿಗೆ ಬರಬೇಕೆಂದು ಸಾಹೇಬರಿಂದಲೇ ಕರೆ ಬಂತು. ಮಸ್ಕಿಯ ಸುದ್ದಿ ಬಸ್ಸು ಹತ್ತಿ ಅವರ ತನಕ ಮುಟ್ಟಿತ್ತು.

"ಮೊದಲ ಹೇಳಬಾರದೇನ್ರೀ? ಕೀನ್ಯಾ ಸರಕಾರ ನಿಮ್ಮನ್ನ ಕರಸ್ಯಾದಂತ!"

"ಇಲ್ಲ ಸರ್, ಮಕ್ಕಳಿಗೆ ಸಿಂಹ ತೋರಸಾಕ ಹೊಂಟೀನಿ."

ಅವರು ಹೆಡ್ ಕ್ಲಾರ್ಕಿನ ಕಡೆ ತಿರುಗಿ, "ನೋಡ್ರಿ, ಎಷ್ಟು ಮ್ಯಾಲೆ ಹೋದ್ರೂ ಗರ್ವ ಇಲ್ಲ" ಅಂದರು. ನಾನು ನಿಜ ಹೇಳಿದಷ್ಟೂ ನನ್ನ ವಿನಯ ಅವರಿಗೆ ಹೆಚ್ಚಾಗಿ ಕಾಣುತ್ತಿತ್ತು. ಕೊನೆಗೆ ಸಹಿ ಹಾಕಿ ಕೈ ಕುಲುಕಿದರು. "ಬರೋಮುಂದ ನಮ್ಮ ನಾಯಿಗೂ ಅಲ್ಲಿಂದು ಒಂದು ಗುಳಿಗಿ ತರ್ರಿ. ಅದೂ ಹೆಚ್ಚೂಕಡಿಮಿ ಸಿಂಹದಂಗ ಅದ."

ಬಾಯಿ ಬಿಡಬಾರದು

ಕಾಡಿನಲ್ಲಿ ಜೀಪು ನಿಂತಾಗ ಪಿಟಿಕ್ಕೆನ್ನಬಾರದು, ಮಕ್ಕಳಿಗೆ ರೂಢಿ ಮಾಡಿಸಿ ಅಂತ ಬಾಮೈದ ಹೇಳಿದ್ದ. ಸ್ನೇಹಿತನ ಜೀಪು ಕೇಳಿ ತಂದು, ಮಗಳನ್ನೂ ಚಿಕ್ಕವನಾದ ಮಗನನ್ನೂ ಕೂರಿಸಿಕೊಂಡು ಬೆಳಗ್ಗೆ ವಳಕಮದಿನ್ನಿಯ ಕಾಲುವೆ ದಂಡೆಗೆ ಹೋದೆ. ಗದ್ದೆಯ ಬೆಳ್ಳಕ್ಕಿಗಳೇ ಸಿಂಹ ಎಂದು ತಿಳಿದು, ಬಾಯಿ ಮುಚ್ಚಿ ನೋಡಬೇಕು. ಕೈಯಲ್ಲಿ ಬೈನಾಕ್ಯುಲರ್ ಬೇರೆ.

ಮೆಲ್ಲಗೆ ಹೋಗುವ ಜೀಪು, ಗದ್ದೆಯನ್ನು ದುರ್ಬೀನಿನಲ್ಲಿ ನೋಡುವ ಜನ. ರೈತರು ಬಿಡುತ್ತಾರೆಯೇ? ನೀರಾವರಿ ಸಾಹೇಬರೇ ಬಂದರೆಂದು ಸುತ್ತುಗಟ್ಟಿದರು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಬಂದಿಲ್ಲವೆಂದು ಒಬ್ಬ, ರಾತ್ರಿ ಯಾರೋ ತೂಬು ತಿರುಗಿಸುತ್ತಾರೆಂದು ಇನ್ನೊಬ್ಬ. ನಾನು ದನದ ಡಾಕ್ಟರಪ್ಪಾ ಅಂತ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಒಬ್ಬ ಮುದುಕ ಮಕ್ಕಳನ್ನೇ ಹಿಡಿದ: "ನೀವರ ನಿಮ್ಮಪ್ಪಗ ಹೇಳ್ರಿ, ನೀರು ಬಿಡ್ತಾರೇನು?" ಮಕ್ಕಳಿಬ್ಬರೂ ನಾನು ಕಲಿಸಿದಂತೆ ಅಲುಗಾಡದೆ ಮುಂದೆ ನೋಡುತ್ತ ಕೂತಿದ್ದರು.

ಮುದುಕ ನಿಟ್ಟುಸಿರು ಬಿಟ್ಟ. "ಯಾ ಸಾಹೇಬ ಬಂದ್ರೂ ಉತ್ರಾ ಕೊಡಂಗಿಲ್ಲ. ಈಗ ಮಕ್ಕಳಿಗೂ ಕಲಿಸ್ಯಾರ."

ಸಿಂಹದ ಊರು

ಕಡೆಗೂ ಹೋದೆವು. ಬಾಂಬೆಯಲ್ಲಿ ವಿಮಾನ ಹತ್ತುವ ತನಕ ಮಗಳು ನನ್ನ ಅಂಗಿಯ ತುದಿ ಬಿಡಲಿಲ್ಲ.

ಕೀನ್ಯಾದ ಬಯಲಿನಲ್ಲಿ ಬಾಮೈದನ ಜೊತೆ ಬೆಳಗ್ಗೆಯಿಂದ ಜೀಪಿನಲ್ಲಿ ಸುತ್ತಿದರೂ ಸಿಂಹದ ಸುಳಿವಿಲ್ಲ. ಜಿರಾಫೆ ಆಯಿತು, ಆನೆ ಆಯಿತು. ಮಗಳು ಎಲ್ಲದಕ್ಕೂ ತಲೆಯಾಡಿಸಿ ಮತ್ತೆ ಹುಲ್ಲನ್ನೇ ನೋಡುತ್ತಿದ್ದಳು. ಇಳಿಹೊತ್ತಿಗೆ ಚಾಲಕ ಜೀಪು ನಿಲ್ಲಿಸಿ ತುಟಿಯ ಮೇಲೆ ಬೆರಳಿಟ್ಟ. ಮರದ ಕೆಳಗಿಂದ ಒಂದು ಗಂಡುಸಿಂಹ ಎದ್ದು ಮೈಮುರಿಯಿತು. ಯಾರ ಹಂಗೂ ಇಲ್ಲದೆ, ತನ್ನ ಅಂಗಳದಲ್ಲಿ ತಿರುಗಾಡುವಂತೆ ನಮ್ಮ ಕಡೆಗೇ ಬಂತು. ಮಗಳು ಉಸಿರು ಬಿಗಿಹಿಡಿದಿದ್ದಳು. ಅವಳ ಮುಖ ನೋಡಿ, ಇದಕ್ಕಾಗಿ ಇನ್ನೂ ಹತ್ತು ಎಮ್ಮೆಗಳಿಂದ ಒದೆಸಿಕೊಂಡೇನು ಅನಿಸಿತು.

ಸಿಂಹ ಜೀಪಿನ ಪಕ್ಕದಲ್ಲೇ ಹಾಯುತ್ತ ತಲೆಯೆತ್ತಿ ನೆಟ್ಟಗೆ ನನ್ನ ತಾಯಿಯ ಮುಖ ನೋಡಿತು. ನಮ್ಮ ಕಡೆ ಎದುರಿಗೆ ಬಂದವರು ಮುಖ ನೋಡಿದರೆ ಸುಮ್ಮನಿರುವುದು ಮರ್ಯಾದೆಯಲ್ಲ. ತಾಯಿ ಸೆರಗು ಸರಿಮಾಡಿಕೊಂಡು, ಓಣಿಗೆಲ್ಲ ಕೇಳುವ ದನಿಯಲ್ಲಿ ವಿಚಾರಿಸಿದಳು:

"ಊಟಾತೇನಪಾ?"

ಸಿಂಹ ನಿಂತಿತು. ಚಾಲಕ ಕೀಲಿಗೆ ಕೈ ಹಾಕಿದ. ಬಾಮೈದ ಕಣ್ಣು ಮುಚ್ಚಿದ. ನನ್ನ ಹೆಂಡತಿ ಅತ್ತೆಯ ರಟ್ಟೆ ಹಿಡಿದಳು. ಸಿಂಹ ಒಮ್ಮೆ ಬಾಯಿ ಚಪ್ಪರಿಸಿ, ಮುಂದೆ ಹೋಗಿ ಹುಲ್ಲಿನಲ್ಲಿ ಅಡ್ಡಾಯಿತು.

ನಾವೆಲ್ಲ ಉಸಿರು ಬಿಟ್ಟೆವು. ತಾಯಿಗೆ ಮಾತ್ರ ಬೇಜಾರು. "ನಾ ಆಗಿ ಕೇಳೀನಿ, 'ನಿಮ್ದಾತೇನು' ಅಂತ ತಿರುಗಿ ಒಂದು ಮಾತು ಕೇಳಲಿಲ್ಲ ನೋಡು. ಎಂಥಾ ಊರೋ ಇದು!"

ಮಗಳು ಸಿಂಹದಿಂದ ಕಣ್ಣು ಕೀಳದೆ ಪಿಸುಗುಟ್ಟಿದಳು: "ಸುಮ್ನಿರಬೇ ಅಜ್ಜಿ. ಇವರ ಊರಾಗ ಊಟ ಆಗದಿದ್ದಾಗ ಅಷ್ಟ ಮಂದೀನ ಮಾತಾಡಸ್ತಾರ."