ಕಮಲಾಪುರದ ಅಭಿಪ್ರಾಯ ಮತ್ತು ವಕೀಲರ ಶೇರ್ವಾನಿ

ಊರಿನ ಜನರ ಮನಸ್ಸನ್ನು ಜೋಳದ ಹಾಗೆ ಅಳೆಯಬಹುದು ಎಂದು ನಂಬಿದ್ದವನು ಕಮಲಾಪುರದಲ್ಲಿ ನಾನೊಬ್ಬನೇ. ಈಗ ಯಾರೂ ಇಲ್ಲ.

ನಾನು ಕಲಬುರ್ಗಿಯಲ್ಲಿ ಒಬ್ಬ ವಕೀಲರ ಬಳಿ ನಕಲು ಬರೆಯುವ ಕೆಲಸದಲ್ಲಿದ್ದೆ. ವಾಸ ಸೋದರತ್ತೆಯ ಮನೆಯಲ್ಲಿ. ತಂಗಿ ನೀಲಮ್ಮನನ್ನೂ ಅಲ್ಲಿಗೆ ಕರೆತಂದು ಹೆಣ್ಣುಮಕ್ಕಳ ಶಾಲೆಗೆ ಸೇರಿಸಬೇಕೆಂಬುದು ನನ್ನ ಆಸೆ. ಅವಳ ಆಸೆ ನನ್ನದಕ್ಕಿಂತ ದೊಡ್ಡದು. ಕೇಳಿದಾಗಲೆಲ್ಲ ಅಪ್ಪನದು ಒಂದೇ ಉತ್ತರ: "ಊರ ಮಂದಿ ಏನಂತಾರ ನೋಡಬೇಕಲ್ಲಪಾ."

ಬೇರೆ ಯಾವ ಮಗನಾದರೂ ಅಷ್ಟಕ್ಕೇ ಸುಮ್ಮನಾಗುತ್ತಿದ್ದ. ನಾನು ಊರ ಮಂದಿಯನ್ನು ಕೇಳಲು ಹೊರಟೆ!

ಹೊಲ, ಅಕ್ಷರ, ವಯಸ್ಸು. ಮನುಷ್ಯನ ಅಭಿಪ್ರಾಯವನ್ನು ಈ ಮೂರೇ ರೂಪಿಸುತ್ತವೆ ಎಂಬುದು ನನ್ನ ಸಿದ್ಧಾಂತ. ಹಾಗಾಗಿ ಮನೆಮನೆಯಲ್ಲೂ ಕೇಳಬೇಕಾದ ಪ್ರಶ್ನೆಗಳನ್ನು ಗೆರೆ ಎಳೆದು ಬರೆದುಕೊಂಡೆ. ಹೊಲ ಎಷ್ಟು, ಓದು ಬರುತ್ತದೆಯೇ, ಮನೆಯಲ್ಲಿ ಹೆಣ್ಣುಮಕ್ಕಳೆಷ್ಟು, ಅವರ ವಯಸ್ಸೇನು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಬೇಕೇ ಎಂಬ ಮುಖ್ಯ ಪ್ರಶ್ನೆಯನ್ನು ಗೌರವದಿಂದ ಕೊನೆಯಲ್ಲಿಟ್ಟೆ.

ಸೋಮವಾರ. ಕಾರ್ಯದ ಘನತೆಗೆ ತಕ್ಕಂತಿರಲೆಂದು ವಕೀಲರ ಹಳೆಯ ಶೇರ್ವಾನಿ ಬೇಡಿ ತಂದು ತೊಟ್ಟಿದ್ದೆ. ಅದರೊಳಗೆ ನನ್ನ ಗುರುತು ಯಾರಿಗೂ ಸಿಗಲಿಲ್ಲ. ತಹಸೀಲಿನಿಂದ ಹೊಸ ಕಂದಾಯ ಹಾಕಲು ಬಂದವನೆಂದೇ ಓಣಿಯೆಲ್ಲ ತಿಳಿಯಿತು. ಊರಿನ ಹೊಲವೆಲ್ಲ ಒಂದೇ ಬೆಳಗಿಗೆ ಬಂಜರಾಯಿತು. ಯಾರ ಮನೆಯಲ್ಲೂ ಹೆಣ್ಣುಮಕ್ಕಳಿರಲಿಲ್ಲ. ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದವರು ಪಕ್ಕದ ಮನೆಯವರಂತೆ. ಪಕ್ಕದ ಮನೆಗೆ ಹೋದರೆ, ಈ ಮನೆಯವರಂತೆ. ಮುಖ್ಯ ಪ್ರಶ್ನೆಗೆ ಮಾತ್ರ ಎಲ್ಲರೂ ಕೈಮುಗಿದು, ಸರಕಾರ ಹೇಳಿದಂತೆ ಎಂದರು.

ದೋಷ ಶೇರ್ವಾನಿಯದು ಎಂದು ಪತ್ತೆಹಚ್ಚಿದೆ. ಮಂಗಳವಾರ ಧೋತರ ಉಟ್ಟು, ರುಮಾಲು ಸುತ್ತಿ, ತಂದೆಯ ಹೆಸರು ಹೇಳಿಕೊಂಡು ಅದೇ ಓಣಿಗೆ ಮತ್ತೆ ಹೋದೆ. ಏನು ಬದಲಾವಣೆ! ಬಂಜರು ಹೊಲಗಳಲ್ಲಿ ತೊಗರಿ ಬೆಳೆದಿತ್ತು. ಎಲ್ಲರ ಮನೆಯಲ್ಲೂ ಹೆಣ್ಣುಮಕ್ಕಳಿದ್ದರು. ಒಬ್ಬೊಬ್ಬಳೂ ಹೊಸ ಸೀರೆ ಉಟ್ಟು, ನಮ್ಮೂರಿನ ಕೆಂಪು ಬಾಳೆಹಣ್ಣನ್ನು ತಟ್ಟೆಯಲ್ಲಿಟ್ಟುಕೊಂಡು ಬಂದಳು. ಶಾಲೆ ಬೇಕೇ ಎಂದರೆ, ನೀವು ಬೇಕೆಂದರೆ ಬೇಕು ಎಂದರು. ಹಣ್ಣು ಬೇಡವೆಂದರೆ ಮನೆಯವರಿಗೆ ಬೇಸರವಾದೀತು. ಎಲ್ಲ ಮನೆಯಲ್ಲೂ ತಿಂದೆ.

ಮದುವೆಯಾಗದ ಹುಡುಗ ರುಮಾಲು ಸುತ್ತಿಕೊಂಡು ಬಂದು ಹೊಲವನ್ನೂ ಹೆಣ್ಣಿನ ವಯಸ್ಸನ್ನೂ ವಿಚಾರಿಸಿದರೆ ನಮ್ಮ ಕಡೆ ಅದಕ್ಕೆ ಏನೆನ್ನುತ್ತಾರೆಂಬುದು ಊರಿಗೆಲ್ಲ ಗೊತ್ತಿತ್ತು. ಸಿದ್ಧಾಂತದಲ್ಲಿ ಮುಳುಗಿದ್ದ ನನ್ನೊಬ್ಬನಿಗೆ ಹೊಳೆಯಲಿಲ್ಲ.

ಕೊನೆಗೆ ಹೋದದ್ದು ಕಾಳಿನ ವ್ಯಾಪಾರಿ ವೀರಭದ್ರಪ್ಪನವರ ಮನೆಗೆ. ಅವರಿಗೆ ಗಂಡುಮಕ್ಕಳೇ. ಆದರೂ ಹೆಣ್ಣು ಓದಬೇಕು ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ನಿಮ್ಮ ಮನೆಯಲ್ಲಿ ಯಾರಿದ್ದಾರೆ ಎಂದು ಅವರು ಕೇಳಿದಾಗ, ನೀಲಮ್ಮ ಓದುವುದು, ಬಾಯಲ್ಲೇ ಲೆಕ್ಕ ಕೂಡುವುದು, ಎಲ್ಲವನ್ನೂ ಹೇಳಿದೆ. ಲೆಕ್ಕದ ವಿಷಯವನ್ನು ಎರಡು ಸಲ ಹೇಳಿಸಿದರು. 'ಊರಿನಲ್ಲಿ ಇವರಷ್ಟು ತಿಳಿದವರಿಲ್ಲ' ಎಂದು ಅವರ ಹೆಸರಿನ ಮುಂದೆ ಬರೆದುಕೊಂಡೆ.

ಬುಧವಾರ ಹೊಟ್ಟೆನೋವು. ಗುರುವಾರ ಎದ್ದು ಅಪ್ಪನ ಮುಂದೆ ಫಲಿತಾಂಶ ಮಂಡಿಸಿದೆ. ನಾನು ಹೇಳಿದರೆ ಏನು ಬೆಲೆ ಎಂದು ನೀಲಮ್ಮನಿಂದಲೇ ಓದಿಸಿದೆ. ನಾನೇ ಕಲಿಸಿದವಳು, ಎಲ್ಲೂ ತಡವರಿಸಲಿಲ್ಲ. ಊರಿಗೆ ಊರೇ ಒಪ್ಪಿದೆ!

ಆಮೇಲೆ ತಿಳಿಯಿತು. ನಾನು ಮಲಗಿದ್ದಾಗ ಓಣಿಯವರು ಒಬ್ಬೊಬ್ಬರಾಗಿ ಬಂದು, ನಿಮ್ಮ ಮಗನಿಗೆ ಯಾವ ಹುಡುಗಿ ಒಪ್ಪಿಗೆಯಾದಳೆಂದು ವಿಚಾರಿಸಿದ್ದರು. ಯಾರೂ ಇಲ್ಲವೆಂದು ಅಪ್ಪ ಹೇಳಬೇಕಾಯಿತು.

"ಮನಿಮನಿ ಹೊಕ್ಕು ಹಣ್ಣು ತಿಂದು, ಒಬ್ಬಾಕಿನೂ ಒಲ್ಲೆ ಅಂದಂಗಾತು," ಎಂದರು ಅಪ್ಪ. "ಇನ್ನ ನಮ್ಮ ಹುಡುಗೀನ ಈ ಊರಾಗ ಯಾರು ಕೇಳ್ತಾರ? ವೀರಭದ್ರಪ್ಪನವರು ಒಬ್ಬರು ತಮ್ಮ ಮಗಗ ಕೇಳಿದ್ರು. ಅಂಗಡಿ ಲೆಕ್ಕಕ್ಕ ಮನಿ ಮನಷ್ಯಾರು ಬೇಕಂತ ಅವರಿಗೆ. ಮಾತು ಕೊಟ್ಟೀನಿ."

"ಅಪ್ಪಾ, ಅಕಿ ಸಾಲಿ?"

"ಅಕಿ ಈಗ ಓದಿದ್ದು ನಾ ಕೇಳಿದೆನಲ್ಲ. ಓದಾಕ ಬರ್ತದ. ಇನ್ನ ಸಾಲಿ ಯಾಕ?"

ನೀಲಮ್ಮ ಹಾಳೆಯನ್ನು ಕೆಳಗಿಡಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ಬೆರಳಾಡಿಸಿದಳು.

"ಅಣ್ಣಾ, ಇದ್ರಾಗ ನಮ್ಮ ಮನಿ ಎಲ್ಲೈತಿ?"

ಇರಲಿಲ್ಲ. ನಮ್ಮ ಮನೆಯ ಅಭಿಪ್ರಾಯ ನನಗೆ ಗೊತ್ತೇ ಇದೆ ಎಂದುಕೊಂಡು ಬಿಟ್ಟಿದ್ದೆ.

ಶನಿವಾರ ಒಬ್ಬನೇ ಕಲಬುರ್ಗಿಗೆ ಮರಳಿದೆ. ಬೀಗರು ಕಳಿಸಿದ ಬಾಳೆಗೊನೆಯೊಂದು ಬಂಡಿಯಲ್ಲಿ ನನ್ನ ಪಕ್ಕದಲ್ಲಿ, ನೀಲಮ್ಮ ಕೂರಬೇಕಾಗಿದ್ದ ಜಾಗದಲ್ಲಿ ಕೂತಿತ್ತು. ಮನುಷ್ಯನ ಅಭಿಪ್ರಾಯವನ್ನು ರೂಪಿಸುವುದು ಯಾವುದೆಂದು ಗೊತ್ತಾಯಿತೇ ಎಂದು ವಕೀಲರು ಕೇಳಿದರು.

"ಕೇಳಾಕ ಬಂದವನ ಅಂಗಿ ರೀ," ಎಂದು ಶೇರ್ವಾನಿಯನ್ನು ಮಡಿಸಿ ಅವರ ಕೈಗೆ ಕೊಟ್ಟೆ.