ಹತ್ತೂ ಇಪ್ಪತ್ತಕ್ಕೆ ನಿಂತ ಟೈಂಪೀಸು

ದೇಶದ ಭದ್ರತೆಗೆ ನಾನು ಸಲ್ಲಿಸಿದ ಸೇವೆ ಒಂದೇ ಒಂದು. ಅದನ್ನು ನನ್ನ ಹೆಂಡತಿ ಗಿರಿಜಾ ಇವತ್ತಿಗೂ ಕ್ಷಮಿಸಿಲ್ಲ.

ಎಂಬತ್ತರ ದಶಕದ ಮಾತು. ದಿಲ್ಲಿ ಕಡೆ ಟ್ರಾನ್ಸಿಸ್ಟರಿನೊಳಗೆ ಬಾಂಬ್ ಇಡುತ್ತಿದ್ದ ಕಾಲ. ವಾರಸುದಾರರಿಲ್ಲದ ವಸ್ತು ಕಂಡರೆ ಪೊಲೀಸರಿಗೆ ತಿಳಿಸಿ ಎಂದು ರೇಡಿಯೋ ದಿನವೂ ಹೇಳುತ್ತಿತ್ತು. ತುಮಕೂರಿನ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿದ್ದ ನಾನು ಗೂಢಚಾರರ ಕಾದಂಬರಿಗಳನ್ನು ದಿನಕ್ಕೊಂದರಂತೆ ಓದಿ, ನನ್ನ ಕಣ್ಣಿನಿಂದ ಯಾವುದೂ ತಪ್ಪಿಸಿಕೊಳ್ಳಲಾರದು ಎಂದು ನಂಬಿದ್ದೆ.

ಆ ಭಾನುವಾರ ಕುಣಿಗಲ್‌ನಲ್ಲಿ ಗಿರಿಜಾಳ ತಂಗಿಯ ನಿಶ್ಚಿತಾರ್ಥ. ಹನ್ನೆರಡೂವರೆಗೆ ಮುಹೂರ್ತ. ಮಾವನವರು ಇಲ್ಲದ್ದರಿಂದ ತಾಂಬೂಲ ಬದಲಾಯಿಸುವ ಗೌರವ ಹಿರಿಯಳಿಯನಾದ ನನ್ನದು. ಎಂಟು ವರ್ಷದಲ್ಲಿ ಆ ಮನೆಯವರು ನನ್ನನ್ನು ನಂಬಿ ಒಪ್ಪಿಸಿದ ಮೊದಲ ಕೆಲಸ.

"ಬಸ್ ತಪ್ಪಿದ್ರೆ ನನ್ ಮಾನ ಹೋಗುತ್ತೆ" ಎಂದು ಗಿರಿಜಾ ಬೆಳಗಿನಿಂದ ಹೇಳುತ್ತಲೇ ಇದ್ದಳು. ನಾನು ಪುಸ್ತಕದಿಂದ ತಲೆ ಎತ್ತದೆ ಹೂಂಗುಟ್ಟುತ್ತಿದ್ದೆ.

ಬಸ್ ಸ್ಟ್ಯಾಂಡಿನಲ್ಲಿ ಗಿರಿಜಾ ಏನೋ ಹೇಳಿ ಮುಂದೆ ಹೋದಳು. ನಾನು ಹೂಂಗುಟ್ಟಿ, ಹೊಸ ಕಾದಂಬರಿ ಕೊಂಡು ಬಸ್ ಹತ್ತಿದೆ. ಸೀಟೆಲ್ಲ ಭರ್ತಿ. ಒಂದು ಸೀಟಿನ ಮೇಲೆ ಮಾತ್ರ ಕೆಂಪು ರೆಕ್ಸಿನ್ ಬ್ಯಾಗು. ಹತ್ತಿರ ಯಾರೂ ಇಲ್ಲ. ಬಗ್ಗಿ ಕಿವಿ ಇಟ್ಟೆ. ಟಿಕ್ ಟಿಕ್ ಟಿಕ್.

"ಬಾಂಬ್!" ಎಂದೆ.

"ಯಾರೋ ಸೀಟ್ ಹಿಡ್ದವ್ರೆ ಬುಡಿ ಸಾರ್" ಎಂದ ಕಂಡಕ್ಟರ್.

"ಸೀಟ್ ಹಿಡಿಯೋರು ಟವಲ್ ಹಾಕ್ತಾರೆ. ಟವಲ್ ಟಿಕ್ ಟಿಕ್ ಅನ್ನುತ್ತಾ?"

ಕಂಡಕ್ಟರ್ ಬಗ್ಗಿ ಕೇಳಿದ. ಬಸ್ಸಿನಿಂದ ಮೊದಲು ಹಾರಿದವನು ಅವನೇ.

ಅರ್ಧ ನಿಮಿಷದಲ್ಲಿ ಬಸ್ ಖಾಲಿ. ಕಾನ್‌ಸ್ಟೇಬಲ್ ಬಂದರು. ಕಡಲೆಕಾಯಿ ಮಾರುತ್ತಿದ್ದ ಮುದುಕಿಯನ್ನು ನಾನೇ ವಿಚಾರಣೆಗೆ ಒಳಪಡಿಸಿದೆ.

"ಒಬ್ಳು ಹೆಣ್ಮಗ್ಳು ಕಿಟಕೀಲಿ ಬ್ಯಾಗ್ ತೂರ್ಸಿ, ಆಕಡೆ ಈಕಡೆ ನೋಡ್ಕಂಡು ಹೊಂಟೋದ್ಲು ಕಣಪ್ಪ. ಹಸ್ರು ಸೀರೆ, ಉದ್ದ ಜಡೆ."

ಕಾದಂಬರಿಯ ಹಿಂಬದಿಯಲ್ಲಿ ಬರೆದುಕೊಂಡೆ. "ಇವಳು ಸಾಮಾನ್ಯ ಹೆಂಗಸಲ್ಲ. ಇಡೀ ತಂಡವನ್ನ ಬೆರಳ ತುದೀಲಿ ಕುಣಿಸೋ ನಾಯಕಿ" ಎಂದು ಕಾನ್‌ಸ್ಟೇಬಲರಿಗೆ ವಿವರಿಸಿದೆ. ಬಾಂಬನ್ನು ನೀರಿನಲ್ಲಿ ಮುಳುಗಿಸಬೇಕೆಂದು ಸಲಹೆ ಕೊಟ್ಟವನೂ ನಾನೇ. ಹಿಂದಿನ ದಿನ ಓದಿದ ಕಾದಂಬರಿಯಲ್ಲಿ ಹಾಗೇ ಮಾಡಿದ್ದರು. ಕಾನ್‌ಸ್ಟೇಬಲ್ ಉದ್ದನೆಯ ಗಳುವಿನಿಂದ ಬ್ಯಾಗನ್ನು ಎತ್ತಿ ಹೋಟೆಲಿನ ನೀರಿನ ಡ್ರಮ್ಮಿಗೆ ಇಳಿಸಿದರು. ಟಿಕ್ ಟಿಕ್ ನಿಂತಿತು. ಜನ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ.

ಅಷ್ಟರಲ್ಲಿ ಗುಂಪನ್ನು ಸರಿಸಿಕೊಂಡು ಒಬ್ಬಳು ಬಂದಳು. ಹಸಿರು ಸೀರೆ. ಉದ್ದ ಜಡೆ. ಕೈಯಲ್ಲಿ ಮಲ್ಲಿಗೆ ಹೂ.

"ಇವ್ಳೇ ಕಣಪ್ಪ" ಎಂದಳು ಮುದುಕಿ.

ಗಿರಿಜಾ ಡ್ರಮ್ಮಿನೊಳಗೆ ಇಣುಕಿದಳು. "ನೀವು ಪುಸ್ತಕ ಕೊಳ್ಳೋವಾಗ ಬ್ಯಾಗ್ ತಗೊಂಡೋಗಿ ಸೀಟ್ ಹಿಡ್ದು, ಹೂ ತರಕ್ಕೆ ಹೋಗಿದ್ದೆ. ನಮ್ ಬ್ಯಾಗ್ ಯಾಕ್ರೀ ಇಲ್ಲಿದೆ?"

"ಇದು ನಮ್ಮ ಬ್ಯಾಗಲ್ಲ" ಎಂದೆ.

"ನಮ್ದು ಜಿಪ್ ಕಿತ್ತೋಗಿತ್ತಲ್ಲ, ಪಕ್ಕದ್ಮನೆ ಶಾರದಮ್ಮಂದು ಇಸ್ಕೊಂಡೆ. ಮನೆಯಿಂದ ಇಲ್ಲೀವರ್ಗೂ ಹೊತ್ಕೊಂಡು ಬಂದೋರು ನೀವೇ. ಇನ್ನೊಂದ್ ಕೈಲಿ ಪುಸ್ತಕ ಹಿಡ್ಕೊಂಡು."

"ಒಳಗೆ ಟಿಕ್ ಟಿಕ್ ಅಂತ..."

"ಗಂಡಿಗೆ ಕೊಡೋ ಟೈಂಪೀಸು. ನಿಂತಿರೋ ಗಡಿಯಾರ ಕೊಟ್ರೆ ಅಪಶಕುನ ಅಂತ ಕೀ ಕೊಟ್ಟಿಟ್ಟಿದ್ದೆ."

ಕಾನ್‌ಸ್ಟೇಬಲ್ ಗಂಭೀರವಾಗಿ ನನ್ನತ್ತ ತಿರುಗಿದರು. "ನಾಯಕಿ ಸಿಕ್ಕವ್ರೆ ಸಾರ್. ಅರೆಸ್ಟ್ ನೀವೇ ಮಾಡ್ತೀರಾ?"

ಹೇಳಿಕೆ ಬರೆದುಕೊಟ್ಟು ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಮುಂದಿನ ಬಸ್ಸು ಹೆಬ್ಬೂರಿನಲ್ಲಿ ಅರ್ಧ ಗಂಟೆ ನಿಂತಿತು. ಗಿರಿಜಾ ದಾರಿಯುದ್ದಕ್ಕೂ ಟೈಂಪೀಸನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. ಅವಳ ಒದ್ದೆ ಕಣ್ಣು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ನಾವು ತಲುಪಿದಾಗ ತಾಂಬೂಲವನ್ನು ಅವಳ ಸೋದರಮಾವ ಬದಲಾಯಿಸಿ, ಎಲ್ಲರೂ ಊಟಕ್ಕೆ ಕೂತಿದ್ದರು. ನಾನು ಟೈಂಪೀಸು ಕೊಟ್ಟೆ. ಹತ್ತೂ ಇಪ್ಪತ್ತಕ್ಕೆ ನಿಂತಿದ್ದ ಅದನ್ನು ಮದುವೆ ಗಂಡು ಅಲುಗಾಡಿಸಿದ. ಎಲೆಯ ಮೇಲೆ ನೀರು ಸುರಿಯಿತು.

ಆ ದಂಪತಿ ಚೆನ್ನಾಗಿಯೇ ಇದ್ದಾರೆ. ಅಪಶಕುನ ತಗುಲಿದ್ದು ನನಗೊಬ್ಬನಿಗೇ. ಆ ಮನೆಯ ಯಾವ ಶುಭಕಾರ್ಯಕ್ಕೆ ಹೋದರೂ ನನ್ನನ್ನು ಬಾಗಿಲ ಬಳಿ ಕುರ್ಚಿ ಹಾಕಿ ಕೂರಿಸಿ, ಬಂದವರ ಬ್ಯಾಗುಗಳನ್ನು ನೋಡಿಕೊಳ್ಳಲು ಹೇಳುತ್ತಾರೆ. ನೋಡಿಕೊಳ್ಳುತ್ತೇನೆ. ಕಿವಿ ಮಾತ್ರ ಇಡುವುದಿಲ್ಲ.